ಆಂಬುಲೆನ್ಸ್ ಕೆಲಸದ ಸಂದರ್ಶನಕ್ಕೆ ಯಾವ ಬಟ್ಟೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಉದ್ಯೋಗಾವಕಾಶಗಳು’ ಅಂತ ಅಚ್ಚಾಗಿದೆ. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಅಂದಮೇಲೆ ಕಂಪ್ಯೂಟರ್ ವಿಷಯ ಹೇಳುತ್ತಾನೆ ಅಂತ ನೀವು ಅಂದುಕೊಂಡಿರಬಹುದು. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಒಂದೇ ಒಂದು ಸಣ್ಣ ವಿಷಯ ತೆಗೆದುಕೊಂಡಿದ್ದೇನೆ. ಆಂಬುಲೆನ್ಸ್ ಕೆಲಸದ ಸಂದರ್ಶನಕ್ಕೆ ಹೋಗುವಾಗ ಮೈಮೇಲೆ ಏನಿರಬೇಕು, ಕಾಲಲ್ಲಿ ಏನಿರಬೇಕು ಅನ್ನುವುದು. ನಗಬೇಡಿ, ಕಾರಣ ಇದೆ.

ನಮ್ಮ ಹೋಬಳಿಯಿಂದ ಬಿ.ಇ.ಗೆ ಹೋಗುವವರು ವರ್ಷಕ್ಕೆ ಎಷ್ಟು ಜನ, ನೀವೇ ಲೆಕ್ಕ ಹಾಕಿ. ಜಿ.ಎನ್.ಎಂ., ಬಿ.ಎಸ್ಸಿ. ನರ್ಸಿಂಗ್ ಸೇರುವ ಹೆಣ್ಣುಮಕ್ಕಳು ಅದಕ್ಕಿಂತ ಹೆಚ್ಚು. ಎಸ್.ಎಸ್.ಎಲ್.ಸಿ. ಮುಗಿಸಿ ಸ್ಟೇರಿಂಗ್ ಹಿಡಿಯುವ ಹುಡುಗರು ಇನ್ನೂ ಹೆಚ್ಚು. 108ರ ವಾಹನದಲ್ಲಿ ಇರುವವರು ಇಬ್ಬರೇ: ಹಿಂದೆ ರೋಗಿಯ ಜೊತೆ ಇ.ಎಂ.ಟಿ., ಮುಂದೆ ಚಾಲಕ. ಚಾಲಕನನ್ನು ಅಲ್ಲಿ ಡ್ರೈವರ್ ಅನ್ನುವುದಿಲ್ಲ, ಪೈಲಟ್ ಅನ್ನುತ್ತಾರೆ. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಶುರುವಾದ ಈ ಸೇವೆ ನಮ್ಮ ರಾಜ್ಯಕ್ಕೆ ‘ಆರೋಗ್ಯ ಕವಚ’ ಅನ್ನುವ ಹೆಸರಿನಲ್ಲಿ ಬಂದದ್ದು 2008ರ ನವೆಂಬರ್ 1ಕ್ಕೆ. ಅದಕ್ಕೆ ಮುಂಚೆ ನಮ್ಮೂರಲ್ಲಿ ಹೆರಿಗೆ ನೋವು ಬಂದರೆ ಏನು ಮಾಡುತ್ತಿದ್ದೆವು ಅನ್ನುವುದು ಇಲ್ಲಿರುವ ಅಜ್ಜಿಯರಿಗೆ ಗೊತ್ತು. ಟ್ರ್ಯಾಕ್ಟರಿನ ಟ್ರೇಲರಿಗೆ ಹುಲ್ಲು ಹಾಸುತ್ತಿದ್ದೆವು. ಈಗ ಸರ್ಕಾರದ್ದಲ್ಲದೆ ಖಾಸಗಿ ಆಸ್ಪತ್ರೆಗಳದ್ದು, ಕಾರ್ಖಾನೆಗಳದ್ದು, ಟೋಲ್ ರಸ್ತೆಗಳದ್ದು ಅಂತ ಆಂಬುಲೆನ್ಸ್‌ಗಳು ಬೇಕಾದಷ್ಟಿವೆ. ಅಂದರೆ ಈ ಕೆಲಸ ನಮ್ಮ ಮಕ್ಕಳ ಕೈಗೆ ಎಟುಕುವ ಕೆಲಸ.

ಇದರಲ್ಲಿ ನನಗೇನು ಅಧಿಕಾರ ಅಂತ ಕೇಳಬಹುದು. ಕೆಲವು ವರ್ಷ ನಮ್ಮ ತಂಡ ಒಂದು ಖಾಸಗಿ ಆಂಬುಲೆನ್ಸ್ ಸಂಸ್ಥೆಗೆ ತಂತ್ರಾಂಶ ಮಾಡಿಕೊಡುತ್ತಿತ್ತು. ಕರೆ ಬಂದ ಕೂಡಲೇ ಹತ್ತಿರದ ವಾಹನ ಯಾವುದು ಅಂತ ಹುಡುಕಿ ಕಳಿಸುವ ಕೆಲಸ ಅದರದ್ದು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಅವರು ಸಿಬ್ಬಂದಿ ತೆಗೆದುಕೊಳ್ಳುವಾಗ, ಅಭ್ಯರ್ಥಿಗಳಿಗೆ ಟ್ಯಾಬ್ ಬಳಸಲು ಬರುತ್ತದೋ ಇಲ್ಲವೋ ನೋಡಲು ನನ್ನನ್ನೂ ಒಂದು ಮೂಲೆಯಲ್ಲಿ ಕೂರಿಸುತ್ತಿದ್ದರು. ನನ್ನ ಪಾಲಿನದು ಐದು ನಿಮಿಷದ ಕೆಲಸ. ಉಳಿದ ಹೊತ್ತೆಲ್ಲ ನೋಡುತ್ತಾ ಕೂತಿರುತ್ತಿದ್ದೆ.

ಒಂದು ಸಲ ಟೀ ಕುಡಿಯಲು ಹೊರಗೆ ಬಂದಾಗ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ಒಬ್ಬ ಹುಡುಗ ಫೈಲು ಹಿಡಿದು ನಿಂತಿದ್ದ. ಬೆಳಿಗ್ಗೆಯೂ ಅಲ್ಲೇ ನೋಡಿದ್ದೆ. “ಯಾಕಪ್ಪ, ಒಳಗೆ ಬರಲಿಲ್ಲ?” ಅಂದೆ. “ಎಲ್ಲಾ ಶೂ ಹಾಕ್ಕೊಂಡ್ ಬಂದವ್ರೆ ಸಾರ್. ನಂದು ಚಪ್ಲಿ” ಅಂದ. ಆರು ವರ್ಷ ಹಾಲಿನ ಟೆಂಪೋ ಓಡಿಸಿದ್ದನಂತೆ, ರಾತ್ರಿ ಮೂರು ಗಂಟೆಗೆ ಎದ್ದು. ಬಾ ಅಂತ ಕರೆದೆ, ಬರಲಿಲ್ಲ. “ಇನ್ನೊಂದ್ಸಲ ಬರ್ತೀನಿ ಸಾರ್” ಅಂತ ಬಸ್ ಸ್ಟ್ಯಾಂಡಿನ ಕಡೆ ಹೋದ. ನಮ್ಮ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ಗೈರುಹಾಜರು’ ಅಂತ ದಾಖಲಾಯಿತು. ಕಾರಣ ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ.

ಬಟ್ಟೆ ಮುಖ್ಯ ಅಲ್ಲ, ಪ್ರತಿಭೆ ಮುಖ್ಯ ಅಂತ ಭಾಷಣದಲ್ಲಿ ಹೇಳುವುದು ಸುಲಭ. ಅದು ನಿಜ ಅಲ್ಲ. ಸಂದರ್ಶಕರು ಬಟ್ಟೆ ನೋಡೇ ನೋಡುತ್ತಾರೆ. ಆದರೆ ಏನನ್ನು ನೋಡುತ್ತಾರೆ ಅನ್ನುವುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಬ್ಯಾಂಕಿನ ಸಂದರ್ಶನಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಅಲ್ಲಿ ಕುರ್ಚಿಯ ಮೇಲೆ ಕೂತು ಉತ್ತರ ಹೇಳಿದರೆ ಆಯಿತು. ಇಲ್ಲಿ ಬಹಳ ಕಡೆ ಪ್ರಶ್ನೆ ಮುಗಿದ ಮೇಲೆ ನೆಲದ ಮೇಲೆ ಒಂದು ರಬ್ಬರ್ ಬೊಂಬೆ ಮಲಗಿಸಿ “ಇವನ ಹೃದಯ ನಿಂತಿದೆ, ಏನು ಮಾಡ್ತೀಯ?” ಅನ್ನುತ್ತಾರೆ. ಮಂಡಿಯೂರಬೇಕು. ಎರಡು ಮೊಣಕೈಯೂ ನೆಟ್ಟಗಿಟ್ಟು, ಭುಜದ ಭಾರವೆಲ್ಲ ಅಂಗೈಗೆ ತಂದು, ನಿಮಿಷಕ್ಕೆ 100ರಿಂದ 120 ಸಲ, ಎದೆ ಸುಮಾರು 5 ಸೆಂಟಿಮೀಟರ್ ಇಳಿಯುವ ಹಾಗೆ ಒತ್ತಬೇಕು. ಎರಡು ನಿಮಿಷ ಒತ್ತಿ ನೋಡಿ, ಬೆನ್ನೆಲ್ಲ ಒದ್ದೆಯಾಗುತ್ತದೆ. ಆಮೇಲೆ ಸ್ಟ್ರೆಚರ್ ಎತ್ತಿಸುತ್ತಾರೆ. ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ ಎತ್ತಬೇಕು. ವಾಹನದ ಹಿಂದಿನ ಮೆಟ್ಟಿಲು ಹತ್ತಿ ಇಳಿಯಬೇಕು. ಇಷ್ಟನ್ನೂ ಮಾಡಲು ಬಿಡುವ ಬಟ್ಟೆಯೇ ಈ ಸಂದರ್ಶನಕ್ಕೆ ಸರಿಯಾದ ಬಟ್ಟೆ.

ಒಬ್ಬ ಕೋಟು ಹಾಕಿಕೊಂಡು ಬಂದಿದ್ದ. ಮದುವೆ ಗಂಡುಗಳಿಗೆ ಕೊಡುವ ಅಂಗಡಿಯಿಂದ ಬಾಡಿಗೆಗೆ ತಂದದ್ದು ಅಂತ ಆಮೇಲೆ ಗೊತ್ತಾಯಿತು. ಬೊಂಬೆಯ ಮುಂದೆ ಕೂತ. ಭುಜದಲ್ಲಿ ಕೋಟು ಹಿಡಿದು ಕೈಯೇ ಚಾಚಲು ಆಗುತ್ತಿಲ್ಲ. ಡಾಕ್ಟರು “ಕೋಟು ತೆಗೆದು ಮಾಡಪ್ಪ” ಅಂದರು. ಹುಡುಗ ತೆಗೆಯಲೊಲ್ಲ. ಹಾಗೇ ನಾಲ್ಕು ಸಲ ಒತ್ತಿದ, ಆಗಲಿಲ್ಲ. ಎರಡನೇ ಸಲ ಹೇಳಿದ ಮೇಲೆ ತೆಗೆದ. ಅಂಗಿಯ ಬೆನ್ನಿಗೆ ತೇಪೆ ಇತ್ತು. ಚೆನ್ನಾಗಿ ಒಗೆದು, ನೀಲಿ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಯಾರೂ ಏನೂ ಅನ್ನಲಿಲ್ಲ. ಅವನು ಒತ್ತಿದ್ದು ನೋಡಿ ಡಾಕ್ಟರು “ಸಾಕು, ಸಾಕು” ಅನ್ನುವ ತನಕ ನಿಲ್ಲಿಸಲಿಲ್ಲ. ಆಯ್ಕೆಯೂ ಆದ. ಕೋಟಿನ ಬಾಡಿಗೆ ಐನೂರು ರೂಪಾಯಿ, ಮೇಲೆ ಅಡ್ವಾನ್ಸು ಬೇರೆ!

ಹಾಗಾದರೆ ಏನು ಹಾಕಬೇಕು? ಗಂಡುಮಕ್ಕಳಿಗೆ ತಿಳಿಬಣ್ಣದ ಒಂದು ಅಂಗಿ, ಕಡುಬಣ್ಣದ ಒಂದು ಪ್ಯಾಂಟು. ಅಂಗಿ ತೋಳು ಅರ್ಧವಾದರೂ ಸರಿ, ಪೂರ್ತಿಯಾದರೂ ಮಡಚಲು ಬರುವಂತಿರಲಿ. ರೋಗಿಯನ್ನು ಮುಟ್ಟುವ ಕೈ ಮೊಣಕೈ ತನಕ ತೊಳೆಯಲು ಬರಬೇಕು ಅನ್ನುವುದು ಇದರ ಹಿಂದಿನ ಲೆಕ್ಕ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಇದನ್ನು 2008ರಿಂದ ನಿಯಮವಾಗಿಯೇ ತಂದಿದ್ದಾರೆ. ಜೀನ್ಸ್ ಬೇಡ. ಈಗಿನ ಕಾಲಿಗೆ ಅಂಟುವ ಪ್ಯಾಂಟಂತೂ ಬೇಡವೇ ಬೇಡ, ಮಂಡಿಯೂರಿದಾಗ ಹೊಲಿಗೆ ಬಿಟ್ಟು ಮಾನ ಹೋದದ್ದನ್ನು ನಾನೇ ನೋಡಿದ್ದೇನೆ. ಟೈಲರ್ ಹತ್ತಿರ ಹೊಲಿಸುವುದಾದರೆ “ಕುಕ್ಕರಗಾಲಲ್ಲಿ ಕೂರಬೇಕು, ತೊಡೆ ಹತ್ತಿರ ಸ್ವಲ್ಪ ಲೂಸು ಬಿಡಿ” ಅನ್ನಿ. ಅಲ್ಲೇ ಒಂದು ಸಲ ಕೂತು ಎದ್ದು ನೋಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಅವರಿಗೆ ಮನೆಯಲ್ಲೂ ಒಂದು ಸಂದರ್ಶನ ಆಗಿರುತ್ತದೆ. ಸೀರೆ ಉಟ್ಟುಕೊಂಡು ಹೋದರೆ ಗೌರವ ಅಂತ ಅಮ್ಮ ಹೇಳಿರುತ್ತಾರೆ. ಗೌರವವೇನೋ ಸರಿ, ಆದರೆ ಸೆರಗು ಬೊಂಬೆಯ ಮುಖದ ಮೇಲೆ ಬೀಳುತ್ತದೆ, ನೆರಿಗೆ ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತದೆ. ಚೂಡಿದಾರ ಆಗಬಹುದು. ವೇಲನ್ನು ಎರಡೂ ಭುಜಕ್ಕೆ ಪಿನ್ ಮಾಡಿ, ತುದಿ ಹಿಂದಕ್ಕೆ ಸೇರಿಸಿ. ತಲೆವಸ್ತ್ರ ಹಾಕುವವರು ತುದಿಯನ್ನು ಒಳಗೆ ಸೇರಿಸಿ ಪಿನ್ ಮಾಡಲಿ. ಪ್ಯಾಂಟು, ಶರ್ಟು ಎಲ್ಲಕ್ಕಿಂತ ಅನುಕೂಲ. ಇಲ್ಲಿ ಕೂತಿರುವ ಅಪ್ಪಂದಿರಿಗೆ, ದೊಡ್ಡಪ್ಪಂದಿರಿಗೆ ಕೈಮುಗಿದು ಒಂದು ಮಾತು. ಕೆಲಸ ಸಿಕ್ಕಿದ ಮೇಲೆ ಬಹಳ ಕಡೆ ಹೆಣ್ಣುಮಕ್ಕಳ ಸಮವಸ್ತ್ರವೂ ಪ್ಯಾಂಟು ಶರ್ಟೇ. ಸಂದರ್ಶನಕ್ಕೆ ಹೊರಟ ಮಗಳನ್ನು ಬಾಗಿಲಲ್ಲಿ ನಿಲ್ಲಿಸಿ “ಇದೇನು ವೇಷ?” ಅಂತ ಕೇಳಬೇಡಿ. ಅಪಘಾತದಲ್ಲಿ ಬಿದ್ದವರನ್ನು ಎತ್ತಲು ಹೋಗುವ ಹುಡುಗಿ ಅವಳು. ಆ ಬಸ್ಸಿನಲ್ಲಿ ಕೂತು ಓದಿದ್ದನ್ನು ನೆನಪಿಸಿಕೊಳ್ಳಬೇಕಾದ ಹೊತ್ತಿನಲ್ಲಿ ಅವಳು ಅಳುತ್ತಾ ಹೋಗಬಾರದು.

ಕೂದಲು ಬಿಗಿಯಾಗಿ ಕಟ್ಟಿ, ಜಡೆಯಾದರೆ ಸುತ್ತಿ ಪಿನ್ ಹಾಕಿ. ಹೂವು ಆ ದಿನ ಬೇಡ. ಜೋತಾಡುವ ಓಲೆ, ಜುಮುಕಿ ಬೇಡ. ನೋವಿನಲ್ಲಿ ಒದ್ದಾಡುವ ರೋಗಿ ಕೈಗೆ ಸಿಕ್ಕಿದ್ದನ್ನು ಎಳೆಯುತ್ತಾನೆ. ಗಾಜಿನ ಬಳೆ ಒಡೆದರೆ ನಿಮಗೂ ಗಾಯ, ಅವನಿಗೂ ಗಾಯ. ತಾಳಿ ಇದ್ದವರು ಒಳಗೆ ಹಾಕಿಕೊಳ್ಳಿ. ಉಗುರಂತೂ ಹುಡುಗ ಹುಡುಗಿ ಇಬ್ಬರಿಗೂ ಪೂರ್ತಿ ಕತ್ತರಿಸಿರಬೇಕು, ಉದ್ದ ಉಗುರು ಗ್ಲೌಸ್ ಹರಿಯುತ್ತದೆ. ಸೆಂಟು ಹೊಡೆದುಕೊಂಡು ಹೋಗಬೇಡಿ. ಉಬ್ಬಸದವರನ್ನು ಮುಚ್ಚಿದ ವಾಹನದಲ್ಲಿ ಕರೆದೊಯ್ಯುವ ಕೆಲಸ ಇದು, ವಾಸನೆಗೇ ಅವರ ಉಸಿರು ಕಟ್ಟಬಹುದು. ಸ್ನಾನ ಮಾಡಿ ಹೋದರೆ ಸಾಕು. ಗಡ್ಡ ಬಿಟ್ಟ ಹುಡುಗರು ಒಂದು ವಿಷಯ ತಿಳಿದಿರಿ: ಎನ್-95 ಮಾಸ್ಕ್ ಕೆನ್ನೆಗೆ ಸರಿಯಾಗಿ ಅಂಟಿದರೆ ಮಾತ್ರ ಕೆಲಸ ಮಾಡುತ್ತದೆ, ದಟ್ಟ ಗಡ್ಡದ ಮೇಲೆ ಅದು ಕೂರುವುದಿಲ್ಲ. ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿದ್ದು ಹೋಗಿ.

ಒಂದು ವಾಚು ಕಟ್ಟಿಕೊಳ್ಳಿ. ಮೊಬೈಲ್ ಇರುವಾಗ ವಾಚ್ಯಾಕೆ ಅನ್ನಬೇಡಿ. ಸೆಕೆಂಡಿನ ಮುಳ್ಳಿರುವ ಸಾದಾ ವಾಚು. ನಾಡಿ ನೋಡು ಅಂದಾಗ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸುತ್ತೀರಲ್ಲ, ಅದಕ್ಕೆ. ನಮ್ಮ ಸಂದರ್ಶನದಲ್ಲಿ ಒಬ್ಬ ಹುಡುಗಿ ಡಾಕ್ಟರ ನಾಡಿ ಹಿಡಿದು ತನ್ನ ವಾಚು ನೋಡುತ್ತಾ “ಎಪ್ಪತ್ತಾರು ಸಾರ್” ಅಂದಳು. ಇನ್ನೊಬ್ಬ ಅಭ್ಯರ್ಥಿ ಫೋನಿನ ಲಾಕ್ ತೆಗೆಯುವಷ್ಟರಲ್ಲಿ ಎಣಿಕೆ ಮರೆತಿದ್ದ. ಜೇಬಿನಲ್ಲಿ ಒಂದು ಪೆನ್ನೂ ಇರಲಿ. ರೋಗಿಯ ಬಿ.ಪಿ., ನಾಡಿ, ಸಮಯ ಎಲ್ಲವನ್ನೂ ಬರೆದುಕೊಳ್ಳುವುದು ಈ ಕೆಲಸದ ಅರ್ಧ ಭಾಗ. ಪೆನ್ನು ಕೇಳುವವರನ್ನು ಕಂಡರೆ ಸಂದರ್ಶಕರಿಗೆ ಅಷ್ಟಕ್ಕಷ್ಟೇ.

ಕೊನೆಗೆ ಕಾಲಿನ ವಿಷಯ. ಮುಂದೆ ಮುಚ್ಚಿದ, ಹಿಮ್ಮಡಿ ಎತ್ತರವಿಲ್ಲದ, ಅಡಿಭಾಗ ಜಾರದ ಶೂ. ಚರ್ಮದ್ದೇ ಆಗಬೇಕಿಲ್ಲ, ಫಳಫಳ ಹೊಳೆಯಬೇಕಿಲ್ಲ. ಲೇಸು ಕಟ್ಟಿರಬೇಕು, ಕೆಸರಿರಬಾರದು. ರಸ್ತೆಯ ಮೇಲೆ ಗಾಜಿನ ಚೂರು, ಡೀಸೆಲ್ಲು, ರಕ್ತ ಎಲ್ಲವೂ ಬಿದ್ದಿರುತ್ತದೆ, ಚಪ್ಪಲಿಯ ಕಾಲು ಅಲ್ಲಿ ನಿಲ್ಲುವುದಿಲ್ಲ. ಪೈಲಟ್ ಕೆಲಸಕ್ಕೆ ಹೋಗುವವರಿಗೂ ಇದೇ ಮಾತು, ಬ್ರೇಕಿನ ಮೇಲಿಂದ ಚಪ್ಪಲಿ ಜಾರಿದರೆ ಏನಾಗುತ್ತದೆ ಅಂತ ಅವರಿಗೆ ನಾನು ಹೇಳಬೇಕಿಲ್ಲ. ಹಳೇ ಶೂ ಆದರೂ ನಡೆಯುತ್ತದೆ, ನಮ್ಮ ಶಾಲೆಯ ಸಮವಸ್ತ್ರದ ಕಪ್ಪು ಶೂ ಕಾಲಿಗಾದರೆ ಅದೂ ನಡೆಯುತ್ತದೆ. ನಮ್ಮ ಕಾಲದಲ್ಲಿ ಈ ಶಾಲೆಯಲ್ಲಿ ಶೂ ಹಾಕಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಆ ಬೇವಿನ ಮರದ ಕೆಳಗಿನ ಹುಡುಗನ ಮಾತು ನನಗೆ ಅರ್ಥವಾಗಿದ್ದು ಅದಕ್ಕೇ.

ಬೇರೆ ಸಂಸ್ಥೆಯ ಸಮವಸ್ತ್ರ, ಬ್ಯಾಡ್ಜ್ ಹಾಕಿಕೊಂಡು ಮಾತ್ರ ಹೋಗಬೇಡಿ. ಈಗಾಗಲೇ ಕೆಲಸದಲ್ಲಿರುವ ಕೆಲವರು ಹಾಗೆ ಬರುತ್ತಾರೆ. ಅನುಭವ ಕಾಣಲಿ ಅಂತ. ಅದು ಕಾಗದದಲ್ಲಿ ಕಾಣಲಿ. ನರ್ಸಿಂಗ್ ಕಾಲೇಜಿನ ಬಿಳಿ ಬಟ್ಟೆಯನ್ನು ಕರೆಪತ್ರದಲ್ಲಿ ಕೇಳಿದ್ದರೆ ಹಾಕಿ, ಕೇಳದಿದ್ದರೆ ಬೇಡ. ಸಂಶಯ ಬಂದರೆ ಕರೆಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿ “ಪ್ರಾಕ್ಟಿಕಲ್ ಇರುತ್ತಾ ಮೇಡಂ? ಬಟ್ಟೆ ಹೇಗಿರಬೇಕು?” ಅಂತ ಕೇಳಿ. ಹಾಗೆ ಕೇಳಿದವರನ್ನು ಯಾರೂ ದಡ್ಡರು ಅಂದುಕೊಳ್ಳುವುದಿಲ್ಲ.

ದೂರದ ಊರಾದರೆ ರಾತ್ರಿ ಬಸ್ಸಿನಲ್ಲಿ ಇದೇ ಬಟ್ಟೆ ಹಾಕಿಕೊಂಡು ಹೋಗಬೇಡಿ. ಹಳೇ ದಿನಪತ್ರಿಕೆಯಲ್ಲಿ ಮಡಚಿ ಸುತ್ತಿ ಬ್ಯಾಗಿನಲ್ಲಿಟ್ಟರೆ ಇಸ್ತ್ರಿ ಮುರಿಯುವುದಿಲ್ಲ. ನಮ್ಮಪ್ಪ ಚೊಂಬಿಗೆ ಕೆಂಡ ತುಂಬಿ ಇಸ್ತ್ರಿ ಮಾಡಿಕೊಟ್ಟ ಪ್ಯಾಂಟನ್ನು ನಾನು ಕಾಲೇಜು ಸೀಟಿಗೆ ಬೆಂಗಳೂರಿಗೆ ಹೋದಾಗ ಹೀಗೇ ಒಯ್ದಿದ್ದೆ.

ಇಷ್ಟೆಲ್ಲ ಹೇಳಿ ದುಡ್ಡಿನ ವಿಷಯ ಬಿಟ್ಟರೆ ಆಗುವುದಿಲ್ಲ. ಅಂಗಿ, ಪ್ಯಾಂಟು, ಶೂ, ವಾಚು ಎಲ್ಲವನ್ನೂ ಹೊಸದಾಗಿ ಕೊಳ್ಳಲು ಹೋದರೆ ಎರಡು ಸಾವಿರಕ್ಕೆ ಕಮ್ಮಿ ಬರುವುದಿಲ್ಲ. ಬಡ್ಡಿಗೆ ತರಬೇಡಿ. ನಮ್ಮ ಬ್ಯಾಚಿನವರು ಮಾತಾಡಿಕೊಂಡು ಶಾಲೆಯ ಆಫೀಸಿನ ಪಕ್ಕದ ಕೋಣೆಯಲ್ಲಿ ಒಂದು ಗಾಡ್ರೇಜ್ ಬೀರು ಇಡುತ್ತಿದ್ದೇವೆ. ಅದರಲ್ಲಿ 5ನೇ ನಂಬರಿನಿಂದ 10ರ ತನಕ ಕಪ್ಪು ಶೂ, ಗಂಡು ಹೆಣ್ಣು ಇಬ್ಬರಿಗೂ ಆಗುವ ಪ್ಯಾಂಟುಗಳು, ಅಂಗಿಗಳು, ಬೆಲ್ಟು, ನಾಲ್ಕು ವಾಚು, ಒಂದು ಇಸ್ತ್ರಿ ಪೆಟ್ಟಿಗೆ ಇರುತ್ತದೆ. ಈ ಶಾಲೆಯಲ್ಲಿ ಓದಿದ ಯಾರೇ ಆಗಲಿ, ಯಾವ ವರ್ಷದವರೇ ಆಗಲಿ, ಸಂದರ್ಶನದ ಹಿಂದಿನ ದಿನ ಬಂದು ಒಯ್ಯಬಹುದು. ರಿಜಿಸ್ಟರಿನಲ್ಲಿ ಹೆಸರು ಬರೆಯುವುದು ಬೇಡ ಅಂತ ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡೆವು, ಒಪ್ಪಿದ್ದಾರೆ. ಒಗೆದು ತಂದಿಟ್ಟರೆ ಸಾಕು. ಕೆಲಸ ಸಿಕ್ಕಿದವರು ಶೂ ವಾಪಸ್ ತರಬೇಕಿಲ್ಲ, ಆ ಜಾಗಕ್ಕೆ ನಾವು ಬೇರೆ ಇಡುತ್ತೇವೆ.

ಬೀಗದ ಕೈ ಆಫೀಸಿನಲ್ಲಿ ಜವಾನರ ಹತ್ತಿರ ಇರುತ್ತದೆ. ಭಾನುವಾರ ಬೇಕಾದರೆ ಶನಿವಾರ ಮಧ್ಯಾಹ್ನದೊಳಗೆ ಅವರಿಗೆ ಒಂದು ಮಾತು ಹೇಳಿಡಿ.