ಚೀಲ ಕೆಟ್ಟರೆ ಲಸಿಕೆ ಫಲಿಸದು
(ಕೋಳಿ ಸಾಕಣೆಗಾರರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



"ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸಿದ್ದೆವು, ಆದರೂ ಕೋಳಿಗಳು ಸತ್ತವು" ಎಂದು ಹಲವರು ಹೇಳುವುದುಂಟು. ತಪ್ಪನ್ನು ಲಸಿಕೆಯ ಮೇಲೆ ಹಾಕುವ ಮುನ್ನ, ಮರಿಯ ಗುದದ್ವಾರದ ಮೇಲ್ಗಡೆ ಇರುವ ಒಂದು ಸಣ್ಣ ಚೀಲದ ವಿಷಯ ಕೇಳಿರಿ. ಇದಕ್ಕೆ ಬರ್ಸಾ ಎಂದು ಹೆಸರು. ಎಳೆಯ ಮರಿಗಳಲ್ಲಿ ಇದನ್ನು ತೆಗೆದುಹಾಕಿದರೆ ಅವು ಮುಂದೆ ಸರಿಯಾಗಿ ಪ್ರತಿಕಾಯಗಳನ್ನು ತಯಾರಿಸಲಾರವೆಂದು ಅಮೆರಿಕದ ಬ್ರೂಸ್ ಗ್ಲಿಕ್ ಮತ್ತು ಸಂಗಡಿಗರು 1956ರಲ್ಲಿ ತೋರಿಸಿದರು.

ರೋಗಾಣುವನ್ನು ಗುರುತು ಹಿಡಿದು ಅಂಟಿಕೊಳ್ಳುವ ಸಸಾರಜನಕವೇ ಪ್ರತಿಕಾಯ. ರೋಗಾಣುಗಳೋ ಲೆಕ್ಕವಿಲ್ಲದಷ್ಟು, ಒಂದೊಂದಕ್ಕೂ ಒಂದೊಂದು ವಂಶವಾಹಿಯನ್ನು ಇಟ್ಟುಕೊಳ್ಳಲು ಯಾವ ಪ್ರಾಣಿಗೂ ಸಾಧ್ಯವಿಲ್ಲ. ಆದುದರಿಂದ ಜೀವಕೋಶವು ವಂಶವಾಹಿಯ ತುಂಡುಗಳನ್ನು ಕತ್ತರಿಸಿ, ಕಸಿ ಕಟ್ಟಿದಂತೆ ಜೋಡಿಸುತ್ತದೆ. ಇದನ್ನು 1976ರಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಆದರೆ ಕತ್ತರಿ ಎಲ್ಲೆಂದರಲ್ಲಿ ಆಡುವುದಿಲ್ಲ. ವರ್ಣತಂತುವಿನ ಎಳೆಯು ಕದಿರಿಗೆ ಸುತ್ತಿದ ನೂಲಿನಂತೆ ಸಸಾರಜನಕದ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ವಂಶವಾಹಿಯೊಂದು ಕೆಲಸಕ್ಕೆ ತೊಡಗಿದಾಗ ಅಲ್ಲಿಯ ಸುತ್ತು ಸಡಿಲವಾಗಿ, ಉಂಡೆಗಳ ಮೇಲೆ ಒಂದು ರಾಸಾಯನಿಕ ಗುರುತು ಬೀಳುತ್ತದೆ. ಕತ್ತರಿಸುವ ಕಿಣ್ವವು ಆ ಗುರುತನ್ನೇ ಹಿಡಿದು ಕೂರುತ್ತದೆಂದು 2007ರಲ್ಲಿ ತಿಳಿದುಬಂದಿತು. ಚರ್ಮದ ಕೋಶದಲ್ಲಿಯೂ ಅದೇ ವಂಶವಾಹಿಗಳಿವೆ. ಅಲ್ಲಿ ಆ ಕಿಣ್ವವೂ ಇಲ್ಲ, ಬಾಗಿಲೂ ತೆರೆದಿಲ್ಲ.

ಕೋಳಿಯ ರೀತಿ ಇನ್ನೂ ಬೇರೆ. ಪ್ರತಿಕಾಯದ ಚಿಕ್ಕ ಭಾಗಕ್ಕೆ ರೋಗಾಣು ಹಿಡಿಯುವ ತುದಿಯನ್ನು ಕೊಡುವ ವಂಶವಾಹಿಗಳಲ್ಲಿ ಕೆಲಸಕ್ಕೆ ಬರುವುದು ಒಂದೇ. ಪಕ್ಕದಲ್ಲಿ ಸುಮಾರು 25 ನಿರುಪಯೋಗಿ ವಂಶವಾಹಿಗಳು ಸಾಲಾಗಿವೆ. ಕಸಿಯು ಮೊಟ್ಟೆಯೊಳಗಿನ ಭ್ರೂಣದಲ್ಲಿಯೇ ಮುಗಿಯುತ್ತದೆ. ಆಮೇಲೆ ಬರ್ಸಾದಲ್ಲಿ ಕೋಶಗಳು ವೇಗವಾಗಿ ಒಡೆದು ಹೆಚ್ಚುತ್ತಾ, ಆ ನಿರುಪಯೋಗಿಗಳಿಂದ ತುಣುಕುಗಳನ್ನು ನಕಲು ಮಾಡಿಕೊಂಡು ಬಗೆಬಗೆಯ ಪ್ರತಿಕಾಯಗಳಿಗೆ ಸಿದ್ಧವಾಗುತ್ತವೆ. ಇದಕ್ಕೂ ವಂಶವಾಹಿ ಕೆಲಸ ಮಾಡುತ್ತಿರಬೇಕು, ಸುತ್ತು ಸಡಿಲವಿರಬೇಕು. ಹಾಳೆಂದು ಕಂಡದ್ದೇ ಇಲ್ಲಿ ಬಂಡವಾಳ!

ಗುಂಬೊರೊ ರೋಗದ ವೈರಸ್ಸು ಹೊಡೆಯುವುದು ಹೀಗೆ ಒಡೆದು ಹೆಚ್ಚುತ್ತಿರುವ ಕೋಶಗಳನ್ನೇ. ಮೂರು ವಾರದೊಳಗೆ ತಗಲಿದರೆ ಮರಿಯಲ್ಲಿ ಕಾಯಿಲೆಯ ಲಕ್ಷಣ ಕಾಣದೇ ಇರಬಹುದು. ಬರ್ಸಾ ಮಾತ್ರ ಕೆಟ್ಟಿರುತ್ತದೆ. ಅಂಥ ಹಕ್ಕಿಗೆ ಕೊಕ್ಕರೆ ರೋಗದ ಲಸಿಕೆ ಹಾಕಿದರೂ ಪ್ರತಿಕಾಯ ಸಾಕಷ್ಟು ಹುಟ್ಟುವುದಿಲ್ಲ.

ಈ ವೈರಸ್ಸು ಕೋಳಿಮನೆಯಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಆದುದರಿಂದ ಹಳೆಯ ಹಾಸಿನ ಮೇಲೆ ಹೊಸ ಮರಿಗಳನ್ನು ಬಿಡಬೇಡಿರಿ. ಗುಂಬೊರೊ ಲಸಿಕೆಯನ್ನು ತೀರ ಬೇಗ ಕೊಟ್ಟರೆ ತಾಯಿಯಿಂದ ಬಂದ ಪ್ರತಿಕಾಯಗಳೇ ಅದನ್ನು ನಿಷ್ಫಲಗೊಳಿಸುತ್ತವೆ. ತಡವಾದರೆ ರೋಗ ಮುಂದಾಗುತ್ತದೆ. ದಿನವನ್ನು ಪಶುವೈದ್ಯರನ್ನು ಕೇಳಿ ಗೊತ್ತುಮಾಡಿಕೊಳ್ಳಿರಿ. ಲಸಿಕೆ ಬೆರೆಸುವ ನೀರಿನಲ್ಲಿ ಬ್ಲೀಚಿಂಗ್ ಪುಡಿ ಇರಬಾರದು. ಮರಿಗಳು ಸತ್ತರೆ ಹೂಳುವ ಮೊದಲು ಒಂದೆರಡನ್ನು ಪಶುವೈದ್ಯರಲ್ಲಿಗೆ ಒಯ್ದು, ಕೊಯ್ದು ಬರ್ಸಾ ನೋಡಿರೆಂದು ಕೇಳಿರಿ.