ಹಳೆಯ ಕಂಪ್ಯೂಟರಿನಲ್ಲಿ ಹೊಸ ಆಟ ಕಟ್ಟೋಣ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಗೇಮ್ ಎಂದ ಕೂಡಲೇ ಹಿರಿಯರ ಹುಬ್ಬು ಗಂಟಾಗುವುದು ಸಹಜ. ಮಕ್ಕಳು ಮೊಬೈಲ್ ಹಿಡಿದರೆ ಊಟವೂ ಬೇಡ ಎನ್ನುತ್ತಾರೆಂಬ ದೂರು ಮನೆಮನೆಯಲ್ಲೂ ಇದೆ. ನಾನು ಈ ಹೊತ್ತು ಹೇಳಹೊರಟಿರುವುದು ಗೇಮ್ ತಯಾರಿಸುವ ಬಗ್ಗೆ. ಪರದೆಯ ಮೇಲೆ ಒಂದು ಚೆಂಡು ಮೇಲಕ್ಕೆ ಹಾರಿ ಕೆಳಗೆ ಬೀಳಬೇಕಾದರೆ ವೇಗ, ವೇಗೋತ್ಕರ್ಷ, ಗುರುತ್ವ ಎಲ್ಲವೂ ಬೇಕು. ಎಕ್ಸ್ ಅಕ್ಷ, ವೈ ಅಕ್ಷ ಬೇಕು. ಪಾಠದಲ್ಲಿ ಬಾಯಿಪಾಠ ಮಾಡಿದ್ದು ಅಲ್ಲಿ ಕಣ್ಣೆದುರು ಕುಣಿಯುತ್ತದೆ.

ಇದಕ್ಕೆ ಬೇಕಾದ ತಂತ್ರಾಂಶಗಳಲ್ಲಿ ಗೋಡೋ ಎಂಬುದೊಂದು. ಅರ್ಜೆಂಟೀನಾದ ಹುವಾನ್ ಲಿನಿಯೆಟ್ಸ್ಕಿ ಮತ್ತು ಏರಿಯಲ್ ಮಂಜೂರ್ ಕಟ್ಟಿದ ಇದು 2014ರಲ್ಲಿ ಮುಕ್ತ ತಂತ್ರಾಂಶವಾಯಿತು. ಕಾಸು ಕೊಡಬೇಕಿಲ್ಲ, ಒಳಗಿನ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷಗಳಿಂದ ಇಂಥ ಮುಕ್ತ ವ್ಯವಸ್ಥೆಯಲ್ಲೇ ಕಂಪ್ಯೂಟರ್ ಪಾಠ ನಡೆಸುತ್ತಿವೆ.

ತೊಡಕು ಇರುವುದು ಯಂತ್ರದಲ್ಲಿ. ಗೋಡೋ 4 ಬಂದದ್ದು 2023ರ ಮಾರ್ಚ್‌ನಲ್ಲಿ. ಅದರ ಪೂರ್ಣ ಸಾಮರ್ಥ್ಯಕ್ಕೆ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆ ಬೇಕು. ವಲ್ಕನ್ ಬಂದದ್ದೇ 2016ರಲ್ಲಿ. ಅದಕ್ಕಿಂತ ಬಹಳ ಹಿಂದಿನ ಯಂತ್ರಗಳಿಗೆ ಅದು ಒಗ್ಗುವುದಿಲ್ಲ. ಹಗುರವಾದ ಇನ್ನೊಂದು ಬಗೆಯನ್ನೂ ಅವರು ಕೊಟ್ಟಿದ್ದಾರೆ. ಅದಕ್ಕೂ ಓಪನ್‌ಜಿಎಲ್ 3.3 ಇರಲೇಬೇಕು. ಗೋಡೋ 3ರ ಸರಣಿ ಓಪನ್‌ಜಿಎಲ್ 2.1 ಇದ್ದರೂ ಸಾಕೆನ್ನುತ್ತದೆ. ನಮ್ಮ ಲ್ಯಾಬಿನಲ್ಲಿ ಧೂಳು ಹೊದ್ದು ಕೂತಿರುವ ಯಂತ್ರಗಳಿಗೆ ಈ ವ್ಯತ್ಯಾಸವೇ ಅಳಿವು ಉಳಿವಿನ ಪ್ರಶ್ನೆ. ರೈತರಿಗೆ ಇದು ಗೊತ್ತಿರುವ ವಿಷಯವೇ: ಇಪ್ಪತ್ತು ವರ್ಷದ ಪಂಪ್‌ಸೆಟ್ಟಿಗೆ ಈಗಿನ ಮಾಡೆಲ್ಲಿನ ಬಿಡಿಭಾಗ ಕೂರುವುದಿಲ್ಲ. ಹಾಗೆಂದು ಪಂಪನ್ನೇ ಬಾವಿಗೆ ಎಸೆಯುತ್ತೇವೆಯೇ?

ಹಳೆಯ ಆವೃತ್ತಿ ಹಾಕುವುದು ಸುಲಭ. ಉಬುಂಟುವಿನ ಸಾಫ್ಟ್‌ವೇರ್ ಅಂಗಡಿಯಲ್ಲಿ ನಮಗೆ ಬೇಕಾದ ಆವೃತ್ತಿಯೇ ಸಿಗುತ್ತದೆಂಬ ಭರವಸೆ ಇಲ್ಲ. ಗೋಡೋದ ಅಧಿಕೃತ ಜಾಲತಾಣದಲ್ಲಿ ಹಳೆಯ ಆವೃತ್ತಿಗಳ ಉಗ್ರಾಣವೇ ಇದೆ, ಅಲ್ಲಿಂದಲೇ ಇಳಿಸಿಕೊಳ್ಳಿ. ಬೇರೆ ಕಡೆಯಿಂದ ಬೇಡ. ಹೆಸರಿನ ಜೊತೆ 'ಸ್ಟೇಬಲ್' ಎಂದಿರುವುದನ್ನೇ ಆರಿಸಿ. ಬೀಟಾ ಎಂದಿದ್ದರೆ ಅದು ಇನ್ನೂ ಪರೀಕ್ಷೆಯ ಹಂತದ್ದು. ಯಂತ್ರ 32 ಬಿಟ್ಟಿನದೋ 64 ಬಿಟ್ಟಿನದೋ ನೋಡಿಕೊಳ್ಳಿ.

ಇಳಿದ ಜಿಪ್ ಕಡತವನ್ನು ಬಿಚ್ಚಿದರೆ ಒಳಗಿರುವುದು ಒಂದೇ ಒಂದು ಕಡತ. ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ, ಪ್ರೋಗ್ರಾಮಾಗಿ ನಡೆಸಲು ಅನುಮತಿ ಕೊಡಿ. ಅಷ್ಟೇ, ತೆರೆಯುತ್ತದೆ. ಅಡ್ಮಿನ್ ಪಾಸ್‌ವರ್ಡೂ ಬೇಡ. 3.5ಕ್ಕೆ ಒಂದು ಫೋಲ್ಡರ್, 4.2ಕ್ಕೆ ಇನ್ನೊಂದು ಎಂದು ಬೇರೆಬೇರೆ ಇಟ್ಟರೆ ಎರಡೂ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರುತ್ತವೆ. ಒಂದರ ಸೆಟ್ಟಿಂಗ್ ಇನ್ನೊಂದಕ್ಕೆ ಬೆರೆಯಬಾರದೆಂದರೆ, ಅದೇ ಫೋಲ್ಡರಿನಲ್ಲಿ ಒಂದು ಖಾಲಿ ಕಡತ ಮಾಡಿಡಿ. ಹೆಸರು ಎಸ್, ಸಿ ಎಂಬ ಎರಡು ಸಣ್ಣ ಇಂಗ್ಲಿಷ್ ಅಕ್ಷರ, ಅವುಗಳ ಹಿಂದೊಂದು ಮುಂದೊಂದು ಅಂಡರ್‌ಸ್ಕೋರ್. ಆಗ ಸೆಟ್ಟಿಂಗ್‌ಗಳೆಲ್ಲ ಆ ಫೋಲ್ಡರಿನಲ್ಲೇ ಉಳಿಯುತ್ತವೆ. ಪೆನ್‌ಡ್ರೈವಿನಲ್ಲಿ ಒಯ್ಯುವವರಿಗೂ ಇದು ಅನುಕೂಲ.

ಒಂದು ಎಚ್ಚರಿಕೆಯನ್ನು ಮಕ್ಕಳು ಬರೆದಿಟ್ಟುಕೊಳ್ಳಬೇಕು. 3ರಲ್ಲಿ ಮಾಡಿದ ಆಟವನ್ನು 4ರಲ್ಲಿ ತೆರೆದರೆ ಅದು ಹೊಸ ರೂಪಕ್ಕೆ ಬದಲಾಗುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಸ್ಪ್ರೈಟ್ ಎಂಬುದು ಸ್ಪ್ರೈಟ್2ಡಿ ಆಗುತ್ತದೆ. ಕೋಡಿನ 'ಯೀಲ್ಡ್' ಹೋಗಿ 'ಅವೇಟ್' ಬರುತ್ತದೆ. ಎಷ್ಟೋ ಸಾಲುಗಳನ್ನು ಕೈಯಾರೆ ತಿದ್ದಬೇಕು. ಆದ್ದರಿಂದ ಮೊದಲು ಪ್ರತಿ ಮಾಡಿಟ್ಟುಕೊಂಡು ಪ್ರತಿಯನ್ನು ಮಾತ್ರ ತೆರೆಯಿರಿ. ಆಟ ಯಾವ ಆವೃತ್ತಿಯದೆಂದು ತಿಳಿಯದಿದ್ದರೆ, ಪ್ರಾಜೆಕ್ಟ್ ಕಡತವನ್ನು ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ನೋಡಿ. ಕಾನ್ಫಿಗ್ ವರ್ಷನ್ ಎಂಬಲ್ಲಿ 5 ಎಂದಿದ್ದರೆ ಅದು ಗೋಡೋ 4ರದು. 4 ಎಂದಿದ್ದರೆ 3.1 ಅಥವಾ ಅದರ ನಂತರದ 3ರ ಸರಣಿಯದು. ಅಂಕಿಗಳು ಗಲಿಬಿಲಿ ಮಾಡುತ್ತವೆ, ಜೋಕೆ. ಮುಗಿದ ಆಟವನ್ನು ಹೊರತರಲು ಬೇಕಾಗುವ ಎಕ್ಸ್‌ಪೋರ್ಟ್ ಟೆಂಪ್ಲೇಟುಗಳೂ ಅದೇ ಆವೃತ್ತಿಯವಾಗಿರಬೇಕು.

ಎಲ್ಲ ತಂತ್ರಾಂಶಗಳೂ ಇಷ್ಟು ಸಲೀಸಲ್ಲ. ಯೂನಿಟಿಯ ಕೆಲವು ಹಳೆಯ ಆವೃತ್ತಿಗಳು ಉಬುಂಟು 22.04ರಲ್ಲಿ ಮುಗ್ಗರಿಸುತ್ತವೆ. ಅವು ಓಪನ್‌ಎಸ್‌ಎಸ್‌ಎಲ್ 1.1ರ ಲೈಬ್ರರಿಯನ್ನು ಹುಡುಕುತ್ತವೆ, ವ್ಯವಸ್ಥೆಯಲ್ಲಿರುವುದು 3.0. ಹಳೆಯದನ್ನು ಹೊರಗಿನಿಂದ ತಂದು ಸೇರಿಸುವವರಿದ್ದಾರೆ. ಆದರೆ ಆ ಹಳೆಯ ಲೈಬ್ರರಿಗೆ ಉಚಿತ ಭದ್ರತಾ ತಿದ್ದುಪಡಿ 2023ರ ಸೆಪ್ಟೆಂಬರಿನಲ್ಲೇ ನಿಂತಿದೆ. ಇಡೀ ಲ್ಯಾಬಿಗೆ ಹಂಚುವ ಯಂತ್ರದಲ್ಲಿ ಅಂಥ ಸಾಹಸ ಬೇಡ. ಗೋಡೋ ತನಗೆ ಬೇಕಾದ ಬಹುಪಾಲನ್ನು ಬುತ್ತಿ ಕಟ್ಟಿಕೊಂಡೇ ಬರುವುದರಿಂದ ಈ ತಾಪತ್ರಯ ಕಡಿಮೆ.

ಹಾಗಾದರೆ ಹಳೆಯದೇ ಸಾಕೇ? ಇಲ್ಲಿ ನಮ್ಮ ಭಾಷೆಯ ಪ್ರಶ್ನೆ ಬರುತ್ತದೆ. ಗೋಡೋ 3ಕ್ಕೆ ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸಲು ಬರುವುದಿಲ್ಲ. 'ಅಜ್ಜಿ' ಎಂದು ಬರೆದರೆ ಒತ್ತು ಕೆಳಗಿಳಿಯದೆ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಹಾರ್ಫ್‌ಬಝ್ ಎಂಬ ಮುಕ್ತ ಲೈಬ್ರರಿಯ ನೆರವಿನಿಂದ ಗೋಡೋ 4 ಇದನ್ನು ಸರಿಪಡಿಸಿತು. ಅಂದರೆ ಹಳೆಯ ಯಂತ್ರಕ್ಕೆ ಹಳೆಯ ಆವೃತ್ತಿ ಬೇಕು, ಕನ್ನಡಕ್ಕೆ ಹೊಸ ಆವೃತ್ತಿ ಬೇಕು. ಸರ್ಕಾರಿ ಶಾಲೆಯ ಮಗು ಈ ಎರಡರ ನಡುವೆ ಸಿಕ್ಕಿಕೊಂಡು, ಕನ್ನಡ ಬಿಟ್ಟು ಇಂಗ್ಲಿಷಿನಲ್ಲೇ ಆಟ ಮಾಡುವಂತಾಗಬಾರದು. ದಾರಿ ಇದೆ. ಇಂಕ್‌ಸ್ಕೇಪಿನಲ್ಲಿ ಕನ್ನಡದ ಮಾತುಗಳನ್ನು ಬರೆದು ಚಿತ್ರವಾಗಿ ಉಳಿಸಿ, ಆ ಚಿತ್ರಗಳನ್ನು ಗೋಡೋ 3ಕ್ಕೆ ತನ್ನಿ. ಅಂಕ ಎಣಿಸುವ, ಮಾತು ಬದಲಾಗುತ್ತಲೇ ಇರುವ ಆಟಕ್ಕೆ ಇದು ತ್ರಾಸ. ಹತ್ತು ಹದಿನೈದು ಪದಗಳ ಆಟಕ್ಕೆ ಧಾರಾಳವಾಗಿ ಸಾಕು. ಉದ್ದದ ಕಥೆಯ ಆಟವಾದರೆ ಲ್ಯಾಬಿನ ಒಂದೆರಡು ಒಳ್ಳೆಯ ಯಂತ್ರಗಳಲ್ಲಿ ಗೋಡೋ 4 ಹಾಕಿ ಸರದಿಯಲ್ಲಿ ಬಳಸಬಹುದು.

ಕೊನೆಗೆ ಮೂರು ಕೋರಿಕೆ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡಬೇಕೆಂದಾಗ ಹೊಸ ಲ್ಯಾಪ್‌ಟಾಪ್ ಒಂದನ್ನೇ ಯೋಚಿಸಬೇಡಿ. ಎರಡು ಆವೃತ್ತಿ ತುಂಬಿದ ಪೆನ್‌ಡ್ರೈವ್ ಮತ್ತು ಒಂದು ಭಾನುವಾರ ಕೊಡಿ. ಶಿಕ್ಷಕರು ಲ್ಯಾಬಿನ ರಿಜಿಸ್ಟರಿನಲ್ಲಿ ಪ್ರತಿ ಯಂತ್ರದ ಮುಂದೆ ಯಾವ ಆವೃತ್ತಿ ಇದೆಯೆಂದು ಬರೆಸಿ, ಮಕ್ಕಳ ಆಟಗಳನ್ನೂ ಆವೃತ್ತಿಯ ಸಮೇತ ಕಾದಿರಿಸಿ. ಮುಂದಿನ ವರ್ಷದ ಮಕ್ಕಳು ಅಲ್ಲಿಂದಲೇ ಮುಂದುವರಿಸಲಿ. ಪೋಷಕರೇ, ನಿಮ್ಮ ಮಗ, ಮಗಳು ಗೇಮ್ ಮಾಡುತ್ತಿದ್ದೇನೆ ಎಂದರೆ ಗದರುವ ಮೊದಲು ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ಚೌಕಾಬಾರವನ್ನೋ ಅಳಗುಳಿಮಣೆಯನ್ನೋ ಹೇಗೆ ಆಡುತ್ತಿದ್ದಿರೆಂದು ಅವರಿಗೆ ನಿಯಮ ಹೇಳಿಕೊಡಿ. ಆ ನಿಯಮಗಳನ್ನು ಕೋಡಿಗಿಳಿಸುವ ಕೆಲಸ ಅವರದು.