ಇಬ್ಬರೂ ಹಾಡಬಹುದಾದ ಹಾಡು

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ಟಾಮಿ ಸ್ಯಾಂಡ್ಸ್ ಎಂಬ ಐರಿಷ್ ಹಾಡುಗಾರನ ವಿಷಯ ಹೇಳುವುದಕ್ಕೆ ಮೊದಲು, ಅವನು ಹುಟ್ಟುವುದಕ್ಕೂ ಹಿಂದೆ ನಡೆದ ಒಂದು ಮುಷ್ಕರವನ್ನು ನಿಮ್ಮ ಮುಂದಿಡುತ್ತೇವೆ.

1932ರ ಅಕ್ಟೋಬರ್. ಐರ್ಲೆಂಡಿನ ಉತ್ತರ ಭಾಗದಲ್ಲಿರುವ ಬೆಲ್‌ಫಾಸ್ಟ್ ನಗರ. ಹಡಗು ಕಟ್ಟುವ ಕೆಲಸವೂ ನಾರುಬಟ್ಟೆಯ ಗಿರಣಿಗಳೂ ಕುಸಿದು, ಸಾವಿರಾರು ಜನ ಬೀದಿಗೆ ಬಿದ್ದಿದ್ದ ಕಾಲ. ಪರಿಹಾರವೆಂದು ಕೊಡುತ್ತಿದ್ದ ಪುಡಿಗಾಸಿಗೂ ರಸ್ತೆ ಕೆಲಸ ಮಾಡಬೇಕಾಗಿತ್ತು. ಫಾಲ್ಸ್ ರಸ್ತೆಯ ಕ್ಯಾಥೊಲಿಕರೂ ಶ್ಯಾಂಕಿಲ್ ರಸ್ತೆಯ ಪ್ರಾಟೆಸ್ಟೆಂಟರೂ, ಒಬ್ಬರ ಬೀದಿಗೆ ಒಬ್ಬರು ಕಾಲಿಡದಿದ್ದವರು, ಅಂದು ಒಂದೇ ಮೆರವಣಿಗೆಯಲ್ಲಿ ನಡೆದರು. ಬ್ಯಾಂಡಿನವರಿಗೆ ಮಾತ್ರ ಪೇಚಾಟವಾಯಿತು. ಅವರಿಗೆ ಬರುತ್ತಿದ್ದ ಹಾಡುಗಳೆಲ್ಲ ಆ ಪಂಗಡದವು ಇಲ್ಲವೆ ಈ ಪಂಗಡದವು. ಯಾವುದನ್ನು ನುಡಿಸಿದರೂ ಅರ್ಧ ಮೆರವಣಿಗೆಗೆ ಮೈ ಉರಿಯುವುದು. ಕೊನೆಗೆ, ಅಂಗಡಿಯಲ್ಲಿ ಬಾಳೆಹಣ್ಣಿಲ್ಲ ಎಂಬರ್ಥದ ಒಂದು ಹುಡುಗಾಟದ ಹಾಡನ್ನು ನುಡಿಸಿದರೆಂದು ಹೇಳುತ್ತಾರೆ. ನಗಬೇಡಿ. ಅಷ್ಟು ದೊಡ್ಡ ಊರಿನ ಶ್ರಮಿಕರೆಲ್ಲರಿಗೂ ಸೇರಿದ್ದ ಹಾಡು ಅದೊಂದೇ ಆಗಿತ್ತು.

ಅಕ್ಟೋಬರ್ 11ರಂದು ಪೊಲೀಸರು ಗುಂಡು ಹಾರಿಸಿದರು. ಸತ್ತವರು ಇಬ್ಬರು: ಒಬ್ಬ ಪ್ರಾಟೆಸ್ಟೆಂಟ್, ಒಬ್ಬ ಕ್ಯಾಥೊಲಿಕ್. ಪರಿಹಾರದ ದರ ಏರಿತು, ಮುಷ್ಕರ ಗೆದ್ದಿತು. ಆದರೆ ಮೂರೇ ವರ್ಷದಲ್ಲಿ, 1935ರ ಜುಲೈಯಲ್ಲಿ, ಅದೇ ಬೀದಿಗಳಲ್ಲಿ ಮತದ ಗಲಭೆ ಎದ್ದು ಎಷ್ಟೋ ಕುಟುಂಬಗಳು ಮನೆಮಠ ಬಿಟ್ಟು ಓಡಬೇಕಾಯಿತು. ಹೊಟ್ಟೆಯ ಬೇಡಿಕೆ ಜನರನ್ನು ಒಂದು ವಾರ ಕೂಡಿಸಿತು. ವರ್ಷಗಟ್ಟಲೆ ಕೂಡಿಸಿಡಲು ಬೇರೊಂದು ಬೇಕಾಗಿತ್ತು.

ಟಾಮಿ ಸ್ಯಾಂಡ್ಸ್ ಹುಟ್ಟಿದ್ದು 1945ರಲ್ಲಿ, ಡೌನ್ ಜಿಲ್ಲೆಯ ಮೇಯೊಬ್ರಿಜ್ ಎಂಬ ಹಳ್ಳಿಯ ಕಡೆ, ಬೇಸಾಯದ ಮನೆಯಲ್ಲಿ. ಕ್ಯಾಥೊಲಿಕ್ ಕುಟುಂಬ. ತಂದೆ ಪಿಟೀಲು ನುಡಿಸುವವನು, ತಾಯಿ ಅಕಾರ್ಡಿಯನ್. ಸಂಜೆಯಾದರೆ ಎರಡೂ ಪಂಗಡದ ನೆರೆಯವರು ಇವರ ಅಡುಗೆಮನೆಗೆ ಬಂದು ಕುಳಿತು ಹಾಡುತ್ತಿದ್ದರು, ಕಥೆ ಹೇಳುತ್ತಿದ್ದರು. ಅವನ ವಿದ್ಯಾಶಾಲೆ ಆ ಅಡುಗೆಮನೆಯೇ ಎಂದರೆ ತಪ್ಪಾಗದು. ಒಡಹುಟ್ಟಿದವರು ಕೂಡಿ ‘ಸ್ಯಾಂಡ್ಸ್ ಫ್ಯಾಮಿಲಿ’ ಎಂಬ ಮೇಳ ಕಟ್ಟಿ, 1970ರ ದಶಕದಲ್ಲಿ ಅಮೆರಿಕ, ಯೂರೋಪುಗಳನ್ನೆಲ್ಲ ಸುತ್ತಿದರು. 1975ರಲ್ಲಿ ಜರ್ಮನಿಯ ಪ್ರವಾಸದಲ್ಲಿ ತಮ್ಮ ಯೂಜೀನ್ ಕಾರು ಅಪಘಾತದಲ್ಲಿ ತೀರಿಕೊಂಡ. ಉಳಿದವರು ಹಾಡುವುದನ್ನು ಬಿಡಲಿಲ್ಲ.

ಅಷ್ಟರಲ್ಲಿ ಊರಿಗೆ ಬೆಂಕಿ ಬಿದ್ದಾಗಿತ್ತು. ಅದು ಬರಿಯ ಧರ್ಮದ ಜಗಳವೆಂದು ಯಾರಾದರೂ ಹೇಳಿದರೆ ನೀವು ನಂಬಬೇಡಿ. ಉತ್ತರ ಐರ್ಲೆಂಡಿನ ಸ್ಥಳೀಯ ಚುನಾವಣೆಗಳಲ್ಲಿ ಮನೆತೆರಿಗೆ ಕಟ್ಟುವವನಿಗೂ ಅವನ ಹೆಂಡತಿಗೂ ಮಾತ್ರ ಮತವಿತ್ತು. ಕಂಪನಿಗಳಿಗಾದರೋ ಒಂದಕ್ಕಿಂತ ಹೆಚ್ಚು ಮತ! ಬಾಡಿಗೆಯ ಕೋಣೆಯಲ್ಲಿದ್ದವನಿಗೆ, ತಂದೆಯ ಮನೆಯಲ್ಲಿದ್ದ ಮಗನಿಗೆ ಮತವಿಲ್ಲ. ಹೀಗಾಗಿ ಯಾರಿಗೆ ಮನೆ ಕೊಡುವುದೆಂಬುದೇ ಯಾರಿಗೆ ಮತ ಕೊಡುವುದೆಂಬ ಪ್ರಶ್ನೆಯಾಯಿತು. ಅಧಿಕಾರದಲ್ಲಿದ್ದವರು ತಮ್ಮ ಪಂಗಡಕ್ಕೇ ಮನೆ ಹಂಚಿದರು. ಇದರ ವಿರುದ್ಧ 1968ರಲ್ಲಿ ಹೊರಟ ಮೆರವಣಿಗೆಗಳಿಗೆ ಲಾಠಿ ಬಿತ್ತು. ಮುಂದಿನ 30 ವರ್ಷಗಳಲ್ಲಿ ಬಾಂಬು, ಬಂದೂಕುಗಳಿಗೆ ಸುಮಾರು 3,500 ಜನ ಬಲಿಯಾದರು.

ಆ ಸಾವುಗಳಲ್ಲಿ ಎರಡನ್ನು ಟಾಮಿ ಹಾಡಾಗಿ ಕಟ್ಟಿದ. ‘ದೇರ್ ವರ್ ರೋಸಸ್’ ಎಂದು ಅದರ ಹೆಸರು. 1985ರ ಅವನ ಧ್ವನಿಮುದ್ರಿಕೆಯಲ್ಲಿದೆ. ಕಥೆ ಇಷ್ಟೇ. ಇಬ್ಬರು ಗೆಳೆಯರು, ಒಬ್ಬ ಪ್ರಾಟೆಸ್ಟೆಂಟ್, ಒಬ್ಬ ಕ್ಯಾಥೊಲಿಕ್. ಮೊದಲನೆಯವನನ್ನು ಕೊಂದರು. ಅವನ ಕಡೆಯವರೆನಿಸಿಕೊಂಡವರು ಸೇಡಿಗಾಗಿ ಹೊರಟು, ಕೈಗೆ ಸಿಕ್ಕ ಒಬ್ಬ ಕ್ಯಾಥೊಲಿಕನನ್ನು ಹಿಡಿದು ಕೊಂದರು. ಸಿಕ್ಕವನು ಯಾರು? ಸತ್ತವನಿಗಾಗಿ ಅಳುತ್ತಿದ್ದ ಅದೇ ಗೆಳೆಯ. ಇದು ಕಟ್ಟುಕಥೆಯಲ್ಲ; ಅವನು ಬಲ್ಲವರಿಗೆ ನಡೆದದ್ದು, ಹೆಸರು ಮಾತ್ರ ಬದಲಾಯಿಸಿದ್ದಾನೆ. ಸೇಡೆಂಬುದರ ಲೆಕ್ಕ ಎಷ್ಟು ಕುರುಡೆಂದು ತೋರಿಸಲು ನಾವು ನೂರು ಕರಪತ್ರ ಹಂಚಿದ್ದೇವೆ. ಈ ಒಂದು ಕಥೆಯ ಮುಂದೆ ಅವು ರದ್ದಿ.

ಅವನು ಬರಿಯ ಹಾಡುಗಾರನಲ್ಲ. ಊರೂರು ಸುತ್ತಿ ಕಥೆ ಹೇಳುವವನನ್ನು ಐರಿಷ್ ಭಾಷೆಯಲ್ಲಿ ‘ಶಾನಖಿ’ ಎನ್ನುತ್ತಾರೆ. ಟಾಮಿಯದು ಆ ದಾರಿ. ನಮ್ಮ ಹರಿಕಥೆಯ ದಾಸರಂತೆ, ಹಾಡಿಗೆ ಮೊದಲು ಮಾತು, ಮಾತಿನ ನಡುವೆ ನಗೆ. ಜನ ನಕ್ಕು ಮೈ ಸಡಿಲಿಸಿದ ಹೊತ್ತಿನಲ್ಲೇ ಸಾವಿನ ಹಾಡನ್ನು ಎತ್ತುವುದು.

ನಮ್ಮ ಕೆಲವು ಸಂಗಾತಿಗಳು ಕೇಳುತ್ತಾರೆ: ಈ ಹಾಡಿನಲ್ಲಿ ಕೂಲಿಯ ಮಾತಿಲ್ಲ, ಮಾಲೀಕನ ಮಾತಿಲ್ಲ, ಕಣ್ಣೀರು ಬಿಟ್ಟರೆ ಇನ್ನೇನಿದೆ? ನ್ಯಾಯವಾದ ಪ್ರಶ್ನೆಯೇ. ಮನೆ ಹಂಚಿಕೆಯ ಅನ್ಯಾಯವನ್ನು ಹಾಡು ಅಳಿಸಲಿಲ್ಲ, ಚಳವಳಿ ಅಳಿಸಿತು. 1969ರ ಕಾನೂನು ಬದಲಾವಣೆ ತಂದದ್ದು ಬೀದಿಯ ಹೋರಾಟ. ಆದರೆ ಬಾಳೆಹಣ್ಣಿನ ಹಾಡು ನುಡಿಸಿದ ಆ ಬ್ಯಾಂಡನ್ನು ನೆನೆಯಿರಿ. ಅವರ ಕೈಗೆ ಇಂಥದೊಂದು ಹಾಡು ಇದ್ದಿದ್ದರೆ 1935 ತಪ್ಪುತ್ತಿತ್ತೆಂದು ನಾವು ಹೇಳಲಾರೆವು. ಇಲ್ಲದೆ ಏನಾಯಿತೆಂಬುದನ್ನು ಮಾತ್ರ ಕಂಡಿದ್ದೇವೆ.

1998ರಲ್ಲಿ ಸ್ಟಾರ್ಮಂಟ್ ಎಂಬಲ್ಲಿ ಶಾಂತಿಯ ಮಾತುಕತೆ ಮುರಿದು ಬೀಳುವಂತಿದ್ದಾಗ, ಟಾಮಿ ಮಕ್ಕಳನ್ನೂ ಲ್ಯಾಂಬೆಗ್ ಡೋಲಿನವರನ್ನೂ ಕರೆದುಕೊಂಡು ಅಲ್ಲಿಗೆ ಹೋಗಿ ಹಾಡಿದ. ಲ್ಯಾಂಬೆಗ್ ಎಂದರೆ ಪ್ರಾಟೆಸ್ಟೆಂಟ್ ಮೆರವಣಿಗೆಗಳ ಭಾರೀ ಡೋಲು. ಅದರ ಸದ್ದು ಕೇಳಿದರೆ ಕ್ಯಾಥೊಲಿಕ್ ಬೀದಿಗಳಲ್ಲಿ ಕದ ಹಾಕಿಕೊಳ್ಳುತ್ತಿದ್ದರು. (ಇತ್ತ ಐರಿಷ್ ಮೇಳಗಳ ಬೌರಾನ್ ಎಂಬ ತಮ್ಮಟೆಗೂ ಅದಕ್ಕೂ ಹೊದಿಸುವುದು ಮೇಕೆಯ ತೊಗಲನ್ನೇ. ಮೇಕೆಗೆ ಯಾವ ಮತ?) ಆ ಹಾಡಿಕೆ ಮಾತುಕತೆಯಲ್ಲೊಂದು ನಿರ್ಣಾಯಕ ಗಳಿಗೆಯಾಗಿತ್ತೆಂದು ಅಲ್ಲಿನ ನಾಯಕ ಶೇಮಸ್ ಮ್ಯಾಲನ್ ಹೇಳಿದ್ದುಂಟು. ಏಪ್ರಿಲ್ 10ರಂದು ಒಪ್ಪಂದವಾಯಿತು.

ಮರುವರ್ಷ ಅವನು ವೆದ್ರನ್ ಸ್ಮೈಲೊವಿಚ್‌ನೊಡನೆ ಒಂದು ಧ್ವನಿಮುದ್ರಿಕೆ ತಂದ. 1992ರಲ್ಲಿ ಸರಾಯೆವೊ ನಗರದಲ್ಲಿ ರೊಟ್ಟಿಗಾಗಿ ಸಾಲು ನಿಂತಿದ್ದವರು ಶೆಲ್ಲಿಗೆ ಸತ್ತಾಗ, ಅವರಿಗಾಗಿ ಬೀದಿಯಲ್ಲಿ ಕುಳಿತು ಚೆಲ್ಲೊ ನುಡಿಸಿದವನು ಈ ಸ್ಮೈಲೊವಿಚ್.

ಮಾತು ಸಾಕು. ‘ದೇರ್ ವರ್ ರೋಸಸ್’ ಈಗ ಹಾಕುತ್ತೇವೆ. ಇಂಗ್ಲಿಷ್ ಬಾರದವರು ಎರಡು ಹೆಸರುಗಳ ಕಡೆ ಕಿವಿಯಿಡಿ: ಆಲನ್, ಶಾನ್. ಹಿಂದೆ ನಿಂತವರು ಮುಂದೆ ಬಂದು ಕೂತುಕೊಳ್ಳಿ, ಯಂತ್ರದ ದನಿ ಸಣ್ಣದು.